ಬೆಳ್ಳಿತೆರೆಯ ಮೋಟಾರು, ಚರಿತ್ರೆಯ ಮೋಟಾರು

ಹಳೆಯ ಮೋಟಾರು ಕಾರುಗಳ ಮೇಲೆ ಜನರಿಗಿರುವ ಒಲವಿಗೆ ಚಲಚ್ಚಿತ್ರ ಮತ್ತು ದೂರದರ್ಶನಗಳೇ ಮುಖ್ಯ ಕಾರಣವೆಂಬ ಮಾತು ಈಗ ಸಾಮಾನ್ಯವಾಗಿದೆ. ಮಾತು ಸುಳ್ಳಲ್ಲ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಸತ್ಯವಾಗುತ್ತದೆ. ತೆರೆಯ ಮೇಲೆ ಕಾಣಿಸಿಕೊಂಡ ವಾಹನವೊಂದು ಜನಾದರಣೆಗೆ ಪಾತ್ರವಾದಾಗ, ಆ ಆದರಣೆ ವಾಹನಕ್ಕೆ ಸಲ್ಲುತ್ತದೆಯೋ ಅಥವಾ ಕಥೆಗಾರರು ಅದಕ್ಕೆ ತೊಡಿಸಿದ ವೇಷಕ್ಕೆ ಸಲ್ಲುತ್ತದೆಯೋ ಎಂಬುದು ಚರಿತ್ರೆಯ ಅಭ್ಯಾಸಿಗಳಾದ ನಾವು ಕೇಳಬೇಕಾದ ಪ್ರಶ್ನೆ. ಪ್ರಶ್ನೆ ಹುಟ್ಟಿದ್ದು ತರಗತಿಯಲ್ಲಿಯೇ. ‘ಡಿಲೋರಿಯನ್’ ಎಂದರೆ ಕೊನೆಯ ಬೆಂಚಿನವರೂ ತಲೆಯೆತ್ತುತ್ತಾರೆ. ಅದು ಎಲ್ಲಿ ತಯಾರಾಯಿತೆಂದು ಕೇಳಿದರೆ ಅಮೆರಿಕ ಎಂಬ ಉತ್ತರ ಬರುತ್ತದೆ. ಬೆಲ್‌ಫಾಸ್ಟಿನ ಹೆಸರು ಹೇಳಿದವರನ್ನು ನಾವು ಇನ್ನೂ ಕಂಡಿಲ್ಲ.

ಮೊದಲಿಗೆ ಒಂದು ಭ್ರಮೆಯನ್ನು ಕಳೆದುಕೊಳ್ಳುವುದು ಒಳ್ಳೆಯದು. 1968ರ ‘ಬುಲಿಟ್’ ಚಿತ್ರದಿಂದಲೇ ಫೋರ್ಡ್ ಮಸ್ಟಾಂಗ್ ಪ್ರಸಿದ್ಧಿಗೆ ಬಂತೆಂದು ಹೇಳುವುದುಂಟು. ಕಾಲಾನುಕ್ರಮ ಇದನ್ನು ಒಪ್ಪುವುದಿಲ್ಲ. ಮಸ್ಟಾಂಗ್ ಮಾರುಕಟ್ಟೆಗೆ ಬಂದದ್ದು 1964ರ ಏಪ್ರಿಲ್ ತಿಂಗಳಲ್ಲಿ. ಎರಡು ವರ್ಷ ತುಂಬುವ ಮೊದಲೇ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಸ್ಟೀವ್ ಮೆಕ್ವೀನ್ ಸ್ಯಾನ್ ಫ್ರಾನ್ಸಿಸ್ಕೋದ ಏರಿಳಿತದ ಬೀದಿಗಳಲ್ಲಿ ಸುಮಾರು ಹತ್ತು ನಿಮಿಷಗಳ ಕಾಲ ಓಡಿಸಿದ ಆ ಕಡುಹಸಿರು ಕಾರು, ಆಗಲೇ ಲಕ್ಷಗಟ್ಟಲೆ ಮನೆಗಳ ಮುಂದೆ ನಿಂತಿದ್ದ ಕಾರಿನ ಜಾತಿಗೆ ಸೇರಿದುದು. ಚಿತ್ರವು ಜನಪ್ರಿಯತೆಯನ್ನು ಸೃಷ್ಟಿಸಲಿಲ್ಲ. ಇದ್ದ ಜನಪ್ರಿಯತೆಯೊಳಗಿಂದ ಒಂದು ವರ್ಷವನ್ನು, ಒಂದು ಬಣ್ಣವನ್ನು, ಹಿಂಬದಿ ಇಳಿಜಾರಾದ ಒಂದು ಮೈಕಟ್ಟನ್ನು ಆರಿಸಿ ಎತ್ತಿ ಹಿಡಿಯಿತು. ಫೋರ್ಡ್ ಕಂಪನಿಯೇ 2001ರಲ್ಲಿ, 2008ರಲ್ಲಿ, ಪುನಃ 2018ರಲ್ಲಿ ‘ಬುಲಿಟ್’ ಎಂಬ ಹೆಸರಿನ ಮಸ್ಟಾಂಗುಗಳನ್ನು ಹೊರತಂದಿತೆಂಬುದನ್ನು ನೋಡಿದರೆ, ಆ ಆಯ್ಕೆ ಎಷ್ಟು ಗಟ್ಟಿಯಾಗಿ ನೆಲೆಯೂರಿತೆಂಬುದು ತಿಳಿಯುತ್ತದೆ. ಆಯ್ಕೆಯೆಂದ ಮೇಲೆ ತ್ಯಾಗವೂ ಇದ್ದೇ ಇರುತ್ತದೆ. ತೆರೆ ಏನನ್ನು ಬಿಟ್ಟುಬಿಡುತ್ತದೆಂಬುದೇ ನಮ್ಮ ವಿಚಾರಣೆಯ ವಿಷಯ.

ಡಿಲೋರಿಯನ್ ಕಾರಿನ ವೃತ್ತಾಂತ ಇದಕ್ಕೆ ಅತ್ಯುತ್ತಮ ನಿದರ್ಶನ. ಜನರಲ್ ಮೋಟರ್ಸ್ ಸಂಸ್ಥೆಯಲ್ಲಿ ಉನ್ನತ ಅಧಿಕಾರಿಯಾಗಿದ್ದು 1973ರಲ್ಲಿ ಅದನ್ನು ಬಿಟ್ಟ ಜಾನ್ ಡಿಲೋರಿಯನ್, ತನ್ನದೇ ಕಾರಿಗಾಗಿ ಕಾರ್ಖಾನೆ ಕಟ್ಟಿಸಿದ್ದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದ ಅಂಚಿನಲ್ಲಿರುವ ಡನ್‌ಮರಿಯಲ್ಲಿ. ಅದು ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟಂಟ್ ಸಮುದಾಯಗಳ ನಡುವೆ ರಕ್ತ ಹರಿಯುತ್ತಿದ್ದ ಕಾಲ. ನಿರುದ್ಯೋಗ ಮಿತಿಮೀರಿತ್ತು. ಕೈಗೆ ಕೆಲಸ ಸಿಕ್ಕಿದರೆ ಕೋವಿ ಕೆಳಗಿಳಿದೀತೆಂಬ ಆಶೆಯಿಂದ ಬ್ರಿಟಿಷ್ ಸರ್ಕಾರ ಈ ಸಾಹಸಕ್ಕೆ 7 ಕೋಟಿ ಪೌಂಡುಗಳಿಗೂ ಮಿಕ್ಕಿ ಹಣ ಸುರಿಯಿತು. ಎರಡು ಸಾವಿರಕ್ಕೂ ಹೆಚ್ಚು ಮಂದಿಗೆ ಕೆಲಸ ದೊರೆಯಿತು. ಅವರಲ್ಲಿ ಅನೇಕರು ಅದುವರೆಗೆ ಕಾರು ತಯಾರಿಕೆಯ ಗಂಧವನ್ನೇ ಅರಿಯದವರು. 1981ರಲ್ಲಿ ಕಾರುಗಳು ಹೊರಬಂದವು: ತುಕ್ಕುಹಿಡಿಯದ ಉಕ್ಕಿನ ಮೈ, ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆದ್ದು ತೆರೆಯುವ ಬಾಗಿಲುಗಳು, ಆ ಮೈಗೆ ಒಪ್ಪದಷ್ಟು ಸಾಧಾರಣವಾದ ಯಂತ್ರ. ಬೆಲೆ ಅಮೆರಿಕದಲ್ಲಿ 25,000 ಡಾಲರು. ಕೊಳ್ಳುವವರು ನಿರೀಕ್ಷಿಸಿದಷ್ಟು ಬರಲಿಲ್ಲ. 1982ರ ಫೆಬ್ರವರಿಯಲ್ಲಿ ಸಂಸ್ಥೆ ಸಾಲಗಾರರ ಪರವಾದ ಆಡಳಿತಕ್ಕೆ ಒಳಪಟ್ಟಿತು; ಆ ವರ್ಷ ಮುಗಿಯುವುದರೊಳಗೆ ಕೆಲಸವೇ ನಿಂತಿತು. ಅಷ್ಟರಲ್ಲಿ ತಯಾರಾಗಿದ್ದ ಕಾರುಗಳು ಸುಮಾರು 9,000. ಮೈಭಾಗಗಳನ್ನು ಒತ್ತುತ್ತಿದ್ದ ಬೃಹತ್ ಅಚ್ಚುಗಳಲ್ಲಿ ಕೆಲವು ಗುಜರಿಯಾಗಿ ಮಾರಾಟವಾಗಿ, ಐರ್ಲೆಂಡಿನ ಪಶ್ಚಿಮ ತೀರದಲ್ಲಿ ಮೀನು ಸಾಕುವ ಬಲೆಗಳಿಗೆ ಲಂಗರುಗಳಾಗಿ ಸಮುದ್ರ ಸೇರಿದವು.

‘ಬ್ಯಾಕ್ ಟು ದಿ ಫ್ಯೂಚರ್’ ಚಿತ್ರ ತೆರೆಕಂಡದ್ದು 1985ರಲ್ಲಿ. ಎಂದರೆ ಕಾರ್ಖಾನೆ ಮುಚ್ಚಿ ಮೂರು ವರ್ಷಗಳಾಗುತ್ತ ಬಂದಿದ್ದವು. ಕಾಲಯಾನದ ಯಂತ್ರವು ಮೊದಲ ಕರಡುಗಳಲ್ಲಿ ಮೋಟಾರಾಗಿರಲೇ ಇಲ್ಲ. ಒಂದು ಹಂತದಲ್ಲಿ ಅದು ಶೀತಕಪೆಟ್ಟಿಗೆಯಾಗಿತ್ತು. ಡಿಲೋರಿಯನ್ ಕಾರನ್ನು ಆರಿಸಿದ್ದಕ್ಕೆ ಆ ಬಾಗಿಲುಗಳೇ ಕಾರಣ: 1955ನೆಯ ಇಸವಿಯ ರೈತ ಕುಟುಂಬವೊಂದು ತನ್ನ ಕೊಟ್ಟಿಗೆಗೆ ನುಗ್ಗಿದ ಈ ವಸ್ತುವನ್ನು ಕಂಡು ಅನ್ಯಗ್ರಹದ ವಿಮಾನವೆಂದು ನಂಬಬೇಕಾಗಿತ್ತು. ಇನ್ನೊಂದು ಸಣ್ಣ ಸಂಗತಿಯನ್ನು ವಾಚಕರು ಗಮನಿಸಬೇಕು. ಕಥೆಯಲ್ಲಿ ಕಾಲವನ್ನು ದಾಟಲು ಕಾರು ಗಂಟೆಗೆ 88 ಮೈಲಿ ಓಡಬೇಕು. ಆದರೆ ಡಿಲೋರಿಯನ್ ಕಾರಿನ ವೇಗಮಾಪಕದಲ್ಲಿದ್ದ ಅಂಕೆ 85ಕ್ಕೇ ಕೊನೆಗೊಳ್ಳುತ್ತಿತ್ತು; ವೇಗವನ್ನು ನಿಯಂತ್ರಿಸಹೊರಟ ಅಂದಿನ ಅಮೆರಿಕದ ಸರ್ಕಾರಿ ನಿಯಮ ಅದು. ಚಿತ್ರಕ್ಕೆಂದು ಬೇರೆ ಮಾಪಕವನ್ನೇ ಜೋಡಿಸಿದರು. ಕಥೆ ಮುಂದುವರಿಯಲು ಇತಿಹಾಸವನ್ನು ಕಳಚಿಡಬೇಕಾಯಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ನಾವೆಲ್ಲಿ ಹುಡುಕೋಣ?

ಚಿತ್ರದಿಂದ ಉಪಕಾರವಾಗಿಲ್ಲವೆಂದು ನಾವು ಹೇಳುತ್ತಿಲ್ಲ. ಆ ಚಿತ್ರವಿಲ್ಲದಿದ್ದರೆ, ಸೋತ ಉದ್ಯಮಗಳ ಎಷ್ಟೋ ಕಾರುಗಳಂತೆ ಇದೂ ಗುಜರಿಯ ಪಾಲಾಗುತ್ತಿದ್ದಿತೆಂದು ಊಹಿಸುವುದು ಅನುಚಿತವಲ್ಲ. ಉಳಿದ ಬಿಡಿಭಾಗಗಳ ದಾಸ್ತಾನು ಕಾಲಾಂತರದಲ್ಲಿ ಟೆಕ್ಸಾಸಿನ ಸಂಸ್ಥೆಯೊಂದರ ಕೈಸೇರಿತು. ಅದರಿಂದ ಇಂದಿಗೂ ಕಾರುಗಳು ದುರಸ್ತಿಯಾಗುತ್ತಿವೆ. ಆದರೆ ಈ ಮರುಹುಟ್ಟಿನಿಂದ ಡನ್‌ಮರಿಯ ಕಾರ್ಮಿಕನಿಗೆ ಬಂದ ಲಾಭ ಶೂನ್ಯ. ಕಾರಿನ ಹೆಸರು ಅಜರಾಮರವಾದಷ್ಟೂ ಅದನ್ನು ಮಾಡಿದ ಕೈಗಳು ಮರೆಯಾಗುತ್ತ ಹೋದವು. ಒಂದು ಸರ್ಕಾರ, ಒಂದು ನಗರ, ಎರಡು ಸಾವಿರ ಸಂಸಾರಗಳು ಭರವಸೆಯಿಟ್ಟು ಸೋತ ದುರಂತವನ್ನು ತೆರೆ ಒಂದು ವಿನೋದವಾಗಿ ಪರಿವರ್ತಿಸಿತೆನ್ನದೆ ಗತ್ಯಂತರವಿಲ್ಲ. ಚಿತ್ರಕಾರರನ್ನು ದೂಷಿಸಿ ಫಲವಿಲ್ಲ, ಅವರು ಇತಿಹಾಸ ಬರೆಯುತ್ತೇವೆಂದು ಹೊರಟವರಲ್ಲ. ಬರೆಯಬೇಕಾದ ನಾವೂ ಬರೆಯಲಿಲ್ಲ.

ಆಸ್ಟನ್ ಮಾರ್ಟಿನ್ ‘ಡಿಬಿ5’ರ ಪ್ರಸಂಗ ಬೇರೊಂದು ಬಗೆಯದು. ಇಯಾನ್ ಫ್ಲೆಮಿಂಗ್ 1959ರಲ್ಲಿ ಪ್ರಕಟಿಸಿದ ‘ಗೋಲ್ಡ್‌ಫಿಂಗರ್’ ಕಾದಂಬರಿಯಲ್ಲಿ ಜೇಮ್ಸ್ ಬಾಂಡನಿಗೆ ದೊರೆತದ್ದು ಅದೇ ಕಂಪನಿಯ ಹಿಂದಿನ ಮಾದರಿ. 1964ರ ಚಿತ್ರದಲ್ಲಿ ಆ ಸ್ಥಾನ ಹೊಸ ಡಿಬಿ5ಕ್ಕೆ ಸಂದಿತು. ತಯಾರಾದದ್ದು ಸಾವಿರಕ್ಕೆ ಸ್ವಲ್ಪ ಮೇಲೆ ಮಾತ್ರ. ಕೊಳ್ಳಲಾರದ ಮನೆಗಳಿಗೂ 1965ರಿಂದ ಕಾರ್ಗಿ ಆಟಿಕೆಯ ರೂಪದಲ್ಲಿ ಅದು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಪ್ರವೇಶಿಸಿತು. ಅಂದು ಆಟಿಕೆ ಹಿಡಿದಿದ್ದ ಮಕ್ಕಳು ಬೆಳೆದು ಹಣವಂತರಾಗಿ ಹರಾಜಿಗೆ ಬಂದರೆಂದು ತಮಾಷೆಗೆ ಹೇಳಬಹುದು. ತಮಾಷೆಯಲ್ಲಿ ಸತ್ಯವೂ ಇದ್ದೀತು. ‘ಥಂಡರ್‌ಬಾಲ್’ ಚಿತ್ರದ ಪ್ರಚಾರಕ್ಕೆಂದು ಸಿದ್ಧಪಡಿಸಿದ, ತೆರೆಯ ಮೇಲೆ ಒಮ್ಮೆಯೂ ಕಾಣಿಸಿಕೊಳ್ಳದ ಕಾರೊಂದು 2019ರಲ್ಲಿ ಸುಮಾರು 64 ಲಕ್ಷ ಡಾಲರಿಗೆ ಮಾರಾಟವಾಯಿತು. ಮೂಲದ ಕೀರ್ತಿ ನೆರಳಿಗೂ ಹರಡುವುದೆಂದರೆ ಇದೇ. ಇಲ್ಲಿಗೂ ಮುಗಿಯಲಿಲ್ಲ: 2020ರಲ್ಲಿ ಕಂಪನಿಯೇ ಚಿತ್ರದ ಕಾರಿನ ತದ್ರೂಪಗಳನ್ನು, ಹೊಗೆಯುಗುಳುವ, ಸಂಖ್ಯಾಫಲಕ ಬದಲಾಯಿಸುವ ಕೈಚಳಕಗಳ ಸಮೇತ, ಗಿರಾಕಿಗಳಿಗೆ 25 ಮಾಡಿಕೊಟ್ಟಿತು. ರಸ್ತೆಗಿಳಿಸಲು ಅವಕ್ಕೆ ಅನುಮತಿಯಿಲ್ಲ. ಚಿತ್ರವು ಕಾರ್ಖಾನೆಯ ಕಾರನ್ನು ಅನುಕರಿಸಿದ ಕಾಲ ಹೋಗಿ, ಕಾರ್ಖಾನೆ ಚಿತ್ರವನ್ನು ಅನುಕರಿಸುವ ಕಾಲ ಬಂದಿದೆ.

ದೂರದರ್ಶನದ ರೀತಿ ಇನ್ನೂ ವಿಚಿತ್ರ. ಚಿತ್ರಮಂದಿರಕ್ಕೆ ಜನ ಹೋಗುತ್ತಾರೆ. ದೂರದರ್ಶನ ವಾರವಾರವೂ ಮನೆಗೆ ಬರುತ್ತದೆ. 1979ರಿಂದ 1985ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ‘ದಿ ಡ್ಯೂಕ್ಸ್ ಆಫ್ ಹ್ಯಾಜರ್ಡ್’ ಮಾಲಿಕೆಯಲ್ಲಿ ಕಿತ್ತಳೆ ಬಣ್ಣದ 1969ರ ಡಾಜ್ ಚಾರ್ಜರ್ ಹಳ್ಳಕೊಳ್ಳಗಳನ್ನು ಹಾರುತ್ತಿತ್ತು. ಹಾರಿದ ಕಾರು ಸಾಮಾನ್ಯವಾಗಿ ಮತ್ತೆ ಬಳಕೆಗೆ ಬರುತ್ತಿರಲಿಲ್ಲ. ಹೀಗೆ ಮುನ್ನೂರರಷ್ಟು ಚಾರ್ಜರುಗಳು ಬಲಿಯಾದವೆಂಬುದು ರೂಢಿಯ ಅಂದಾಜು. ಕಡೆಯ ಕಾಲಕ್ಕೆ ಕಾರುಗಳು ದುರ್ಲಭವಾಗಿ ಪುಟ್ಟ ಮಾದರಿಗಳನ್ನು ಹಾರಿಸಬೇಕಾಯಿತು. ಯಾವ ಕಾರನ್ನು ಪ್ರೀತಿಸಲು ಕಲಿಸಿತೋ ಅದನ್ನೇ ತಿಂದುಹಾಕಿದ ಈ ಮಾಲಿಕೆ, ಬೇಡಿಕೆಯನ್ನೂ ಅಭಾವವನ್ನೂ ಏಕಕಾಲದಲ್ಲಿ ಉಂಟುಮಾಡಿತು. ಆ ಕಾರಿನ ಹೆಸರು ‘ಜನರಲ್ ಲೀ’. ಮಾಡಿನ ಮೇಲಿದ್ದುದು ಗುಲಾಮಗಿರಿಯ ಪಕ್ಷ ಹಿಡಿದು ಹೋರಿದ ದಕ್ಷಿಣದ ಸೈನ್ಯದ ಧ್ವಜ. ಎಷ್ಟೋ ವರ್ಷ ಅದು ಬರಿಯ ಅಲಂಕಾರವಾಗಿ ಕಂಡಿತು. 2015ರಲ್ಲಿ ಚಾರ್ಲ್ಸ್‌ಟನ್ನಿನ ಚರ್ಚಿನಲ್ಲಿ ಒಂಬತ್ತು ಮಂದಿ ಕರಿಯ ಜನರ ಹತ್ಯೆಯಾದ ಮೇಲೆ ಮಾಲಿಕೆಯ ಮರುಪ್ರಸಾರ ನಿಂತಿತು, ಧ್ವಜವಿದ್ದ ಆಟಿಕೆಗಳ ತಯಾರಿಕೆಗೂ ಅನುಮತಿ ರದ್ದಾಯಿತು. ಅಲಂಕಾರದೊಳಗೆ ಅಡಗಿದ್ದ ಚರಿತ್ರೆ ತಾನಾಗಿ ಹೊರಬಿದ್ದಿತು.

ಇವೆಲ್ಲಕ್ಕೂ ಅಪವಾದವೆನಿಸುವ ಒಂದು ವಾಹನವಿದೆ. ಅದು ‘ಬುಲಿಟ್’ ಚಿತ್ರದಲ್ಲಿ ಮೆಕ್ವೀನ್ ನಡೆಸಿದ ಆ ಮಸ್ಟಾಂಗೇ. ಕೈಬದಲಾಗಿ 1974ರಲ್ಲಿ ಅದು ಸಾಮಾನ್ಯ ಕುಟುಂಬವೊಂದಕ್ಕೆ ಸೇರಿತು. ಅವರು ಅದನ್ನು ಕೆಲವು ವರ್ಷ ದಿನನಿತ್ಯದ ಓಡಾಟಕ್ಕೆ ಬಳಸಿದರು. 1977ರಲ್ಲಿ ಮೆಕ್ವೀನ್ ತಾನೇ ಪತ್ರ ಬರೆದು ಕೇಳಿದರೂ ಕೊಡಲಿಲ್ಲ. ಆಮೇಲೆ ದಶಕಗಳ ಕಾಲ ಹೊರಲೋಕಕ್ಕೆ ಅದರ ಸುಳಿವೇ ಇರಲಿಲ್ಲ. 2018ರಲ್ಲಿ ಅದು ಬೆಳಕಿಗೆ ಬಂದಾಗ ಯಾರೂ ಹೊಸ ಬಣ್ಣ ಬಳಿದಿರಲಿಲ್ಲ: ಚಿತ್ರೀಕರಣದ ಯಂತ್ರಗಳನ್ನು ಬಿಗಿಯಲು ಬೆಸೆದಿದ್ದ ಉಕ್ಕಿನ ಹಿಡಿಕೆಗಳ ಗುರುತೂ, ಸಂಸಾರದ ಬಳಕೆಯಿಂದ ಮಾಸಿದ ಮೈಯೂ ಒಂದೇ ಕಾರಿನಲ್ಲಿ ಉಳಿದಿದ್ದವು. ಅದೇ ವರ್ಷ ಅದು ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ದಾಖಲೆಗೆ ಸೇರಿತು. 2020ರ ಜನವರಿಯಲ್ಲಿ ಫ್ಲಾರಿಡಾದ ಹರಾಜಿನಲ್ಲಿ ಅದಕ್ಕೆ ಬಂದ ಕೂಗು 34 ಲಕ್ಷ ಡಾಲರು. ಕೊಂಡವರು ಆ ಗೀರುಗಳಿಗೂ ಸೇರಿಸಿಯೇ ಬೆಲೆ ಕೊಟ್ಟರು.