ಬೀಗದ ಕೈ ಹಂಚಿಕೊಂಡವರು

1990ರ ದಶಕದ ಆರಂಭ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗದಲ್ಲಿ ಮ್ಯಾಕಿಂತೋಷ್ ಕಂಪ್ಯೂಟರ್‌ಗಳ ಲ್ಯಾಬ್ ಇತ್ತು. ಅದರಲ್ಲಿ ಪಾಠ ಮಾಡಲು ಒಗ್ಗುವ ಒಳ್ಳೆಯ ತಂತ್ರಾಂಶ ಇರಲಿಲ್ಲ. ಅಲ್ಲಿನ ಇಬ್ಬರು ಅಧ್ಯಾಪಕರು, ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್, ತಾವೇ ಒಂದನ್ನು ಬರೆಯಲು ಕೂತರು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು 1976ರಿಂದ ಕಟ್ಟುತ್ತ ಬಂದಿದ್ದ 'ಎಸ್' ಎಂಬ ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆಯ ಧಾಟಿ ಅವರಿಗೆ ಹಿಡಿಸಿತ್ತು. ತಮ್ಮದಕ್ಕೆ 'ಆರ್' ಎಂದು ಹೆಸರಿಟ್ಟರು.

ಈ ಹುಟ್ಟಿನ ಕಥೆ ಸಾಕಷ್ಟು ಜನಕ್ಕೆ ಗೊತ್ತು. ಆಮೇಲೆ ತೆಗೆದುಕೊಂಡ ಎರಡು ತೀರ್ಮಾನಗಳೇ ನನಗೆ ಹೆಚ್ಚು ದೊಡ್ಡವು. ಮೊದಲನೆಯದು 1995ರ ಜೂನ್‌ನದು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿದ್ದ ಮಾರ್ಟಿನ್ ಮೆಕ್ಲರ್ ಈ ತಂತ್ರಾಂಶವನ್ನು ಬಳಸಿ ನೋಡಿ, ಸೋರ್ಸ್ ಕೋಡನ್ನೇ ಎಲ್ಲರಿಗೂ ಬಿಟ್ಟುಕೊಡಿ ಎಂದು ಇಬ್ಬರನ್ನೂ ಒಪ್ಪಿಸಿದರು. ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಅದು ಹೊರಬಂತು. ಹಣ ಮಾಡಬಹುದಾಗಿದ್ದ ಸರಕನ್ನು ಹಾಗೆ ಕೊಟ್ಟುಬಿಡುವುದು ಸಣ್ಣ ಮಾತಲ್ಲ.

ಎರಡನೆಯದು ಇನ್ನೂ ಕಷ್ಟದ್ದು. ಬೇರೆ ಬೇರೆ ದೇಶಗಳ ಬಳಕೆದಾರರು ತಪ್ಪು ಹುಡುಕಿ, ತಿದ್ದಿ, ಕಳಿಸತೊಡಗಿದರು. ಎಲ್ಲವೂ ಆಕ್ಲೆಂಡಿನ ಇಬ್ಬರ ಮೇಜಿಗೇ ಬಂದು ಬೀಳುತ್ತಿತ್ತು. 1997ರಲ್ಲಿ ಅವರು ಒಂದು ಸಣ್ಣ ಗುಂಪನ್ನು ಸೇರಿಸಿ, ಮೂಲ ಕೋಡನ್ನೇ ಬದಲಿಸುವ ಅಧಿಕಾರವನ್ನು ಆ ಗುಂಪಿನವರಿಗೂ ಕೊಟ್ಟರು. ಅದೇ ಇವತ್ತಿನ ಆರ್ ಕೋರ್ ಟೀಮ್. ತಾನು ಬರೆದದ್ದನ್ನು ಇನ್ನೊಬ್ಬ ತನ್ನನ್ನು ಕೇಳದೆ ತಿದ್ದಲಿ ಎಂದು ಬಿಡುವುದಕ್ಕೆ ಎಂಥ ಮನಸ್ಸು ಬೇಕೆಂಬುದು ಬರೆಯುವವರಿಗೆಲ್ಲ ಗೊತ್ತು. ಆರ್ ಉಳಿದು ಬೆಳೆದದ್ದು ಆ ವರ್ಷದಿಂದ ಎಂದೇ ನನ್ನ ಎಣಿಕೆ. ಮುಂದೆ ಎಸ್ ಭಾಷೆಯ ಕರ್ತೃ ಜಾನ್ ಚೇಂಬರ್ಸ್ ಅವರೇ ಈ ತಂಡಕ್ಕೆ ಬಂದು ಸೇರಿದರು.

ಅದೇ 1997ರಲ್ಲಿ ವಿಯೆನ್ನಾದಲ್ಲಿ ಕರ್ಟ್ ಹಾರ್ನಿಕ್ ಮತ್ತು ಫ್ರೀಡ್ರಿಕ್ ಲೈಶ್, ಬಳಕೆದಾರರು ಆರ್‌ಗಾಗಿ ಬರೆದ ಪ್ಯಾಕೇಜ್‌ಗಳನ್ನು, ಅಂದರೆ ಹೆಚ್ಚುವರಿ ಫಂಕ್ಷನ್‌ಗಳ ಕಟ್ಟುಗಳನ್ನು, ಇಡಲು 'ಕ್ರಾನ್' ಎಂಬ ಭಂಡಾರ ತೆರೆದರು. ಇವತ್ತು ಅಲ್ಲಿ 20 ಸಾವಿರಕ್ಕೂ ಮಿಕ್ಕಿ ಪ್ಯಾಕೇಜ್‌ಗಳಿವೆ. ಸಂಖ್ಯೆಗಿಂತ ನಾನು ಮೆಚ್ಚುವುದು ಅಲ್ಲಿನ ಕಟ್ಟುನಿಟ್ಟು. ಪ್ಯಾಕೇಜ್ ಕಳಿಸಿದರೆ ಅದರ ಸಹಾಯ ಪುಟಗಳಲ್ಲಿ ಕೊಟ್ಟ ಉದಾಹರಣೆಗಳನ್ನು ನಿಜವಾಗಿಯೂ ಓಡಿಸಿ ನೋಡುತ್ತಾರೆ. ಒಂದು ಫಂಕ್ಷನ್ ಮೂರು ಆರ್ಗ್ಯುಮೆಂಟ್ ತೆಗೆದುಕೊಳ್ಳುತ್ತಿದ್ದು, ನೀವು ಎರಡನ್ನು ಮಾತ್ರ ವಿವರಿಸಿದ್ದರೆ ಎಚ್ಚರಿಕೆ ಬರುತ್ತದೆ. ನಿಮ್ಮ ಹೊಸ ಆವೃತ್ತಿಯಿಂದ ಇನ್ನೊಬ್ಬರ ಪ್ಯಾಕೇಜ್ ಕೆಡುವಂತಿದ್ದರೆ ಅವರಿಗೆ ಕನಿಷ್ಠ ಎರಡು ವಾರ ಮೊದಲು ತಿಳಿಸಬೇಕೆಂಬ ನಿಯಮವಿದೆ.

ಪ್ರತಿ ಪ್ಯಾಕೇಜಿಗೂ ಹೊಣೆಗಾರರಾಗಿ ಒಬ್ಬರ ಹೆಸರು, ಇಮೇಲ್ ಇರಲೇಬೇಕು. ಸಂಸ್ಥೆಯ ಹೆಸರು ನಡೆಯದು, ಮನುಷ್ಯನೇ ಆಗಬೇಕು. ಆ ವಿಳಾಸದಿಂದ ಉತ್ತರ ಬರುವುದು ನಿಂತರೆ ಪ್ಯಾಕೇಜನ್ನು ಅನಾಥ ಎಂದು ಗುರುತಿಸುತ್ತಾರೆ. ಬೇರೆ ಯಾರಾದರೂ ಮುಂದೆ ಬಂದು ಅದನ್ನು ವಹಿಸಿಕೊಳ್ಳಬಹುದು. ದೋಷ ತಿದ್ದದೆ ಬಿಟ್ಟದ್ದನ್ನು ಪಟ್ಟಿಯಿಂದ ಇಳಿಸುತ್ತಾರೆ, ಆದರೆ ಹಳೆಯ ಆವೃತ್ತಿಗಳನ್ನು ಅಳಿಸುವುದಿಲ್ಲ. ಹತ್ತು ವರ್ಷದ ಹಿಂದಿನ ಲೆಕ್ಕವನ್ನು ಮತ್ತೆ ಮಾಡಿ ನೋಡಬೇಕೆನ್ನುವ ಸಂಶೋಧಕನಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಯಾವುದಿದೆ? ಪ್ಯಾಕೇಜ್ ಕಳಿಸಿದವರಿಗೆ ಕ್ರಾನ್‌ನವರು ಬರೆಯುವ ಪತ್ರ ಒರಟು ಎಂದು ಗೊಣಗುವವರು ಇದ್ದಾರೆ. ಇಷ್ಟು ದೊಡ್ಡ ಭಂಡಾರವನ್ನು ಕೆಲವೇ ಜನ ತಮ್ಮ ಪಾಠ, ಸಂಶೋಧನೆಗಳ ನಡುವೆ ಕಾಯುತ್ತಿದ್ದಾರೆ ಎಂಬುದನ್ನು ನೆನೆದರೆ ಆ ಒರಟುತನ ನನಗಂತೂ ಚುಚ್ಚುವುದಿಲ್ಲ.

ಕೋರ್ ಟೀಮಿನಲ್ಲಿ ನಮ್ಮವರೂ ಇದ್ದಾರೆ. ದೆಹಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ದೀಪಾಯನ್ ಸರ್ಕಾರ್ ಬರೆದ 'ಲ್ಯಾಟಿಸ್' ಪ್ಯಾಕೇಜ್ ಆರ್ ಜೊತೆಗೇ ಬರುತ್ತದೆ. ಜಿಲ್ಲೆವಾರು ಮಳೆಯ ಅಂಕಿ ಇದ್ದರೆ, ಒಂದೇ ಸಾಲಿನ ಆಜ್ಞೆಗೆ ಪ್ರತಿ ಜಿಲ್ಲೆಗೂ ಒಂದೊಂದು ಚೌಕ, ಎಲ್ಲಕ್ಕೂ ಒಂದೇ ಅಳತೆ. ಕಣ್ಣಾಡಿಸಿದರೆ ಹೋಲಿಕೆ ತಾನಾಗಿ ಸಿಗುತ್ತದೆ. ಅದರ ಚಿತ್ರಗಳ ಅಚ್ಚುಕಟ್ಟು ನನಗೆ ಇವತ್ತಿಗೂ ಇಷ್ಟ. ಇನ್ನೊಂದು ನಂಟು ನಮ್ಮ ನೆಲದ್ದೇ. ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1948ರಲ್ಲಿ ಮಂಡಿಸಿದ ಸ್ಕೋರ್ ಪರೀಕ್ಷೆಯನ್ನು ಆರ್‌ನಲ್ಲಿ ಮಾಡಲು 'ಅನೋವಾ' ಫಂಕ್ಷನ್‌ಗೆ ಪರೀಕ್ಷೆಯ ಹೆಸರು ಕೊಡುವ ಕಡೆ 'ರಾವ್' ಎಂದೇ ಟೈಪಿಸಬೇಕು.

ನಮ್ಮಲ್ಲಿ ಆರ್ ಬಳಸಿ ಬರೆದ ಎಷ್ಟೋ ಪಿಎಚ್.ಡಿ. ಪ್ರಬಂಧಗಳಲ್ಲಿ ಅದರ ಉಲ್ಲೇಖವೇ ಇರುವುದಿಲ್ಲ. ಮಾರ್ಗದರ್ಶಕರು ಇದನ್ನು ಗಮನಿಸಬೇಕು. 'ಸೈಟೇಷನ್' ಎಂದು ಟೈಪಿಸಿ, ಮುಂದೆ ಖಾಲಿ ಕಂಸ ಹಾಕಿ ಎಂಟರ್ ಒತ್ತಿದರೆ ಗ್ರಂಥಸೂಚಿಗೆ ಸೇರಿಸಬೇಕಾದ ಸಾಲು ಸಿದ್ಧವಾಗಿ ಬರುತ್ತದೆ: ಕರ್ತೃವಿನ ಜಾಗದಲ್ಲಿ ಆರ್ ಕೋರ್ ಟೀಮ್, ಪ್ರಕಾಶನದ ಜಾಗದಲ್ಲಿ ವಿಯೆನ್ನಾದ ಆರ್ ಪ್ರತಿಷ್ಠಾನ. ಕಂಸದೊಳಗೆ ಪ್ಯಾಕೇಜಿನ ಹೆಸರು ಕೊಟ್ಟರೆ ಅದನ್ನು ಬರೆದವರ ಹೆಸರೂ ಸಿಗುತ್ತದೆ. ಎರಡನ್ನೂ ಸೇರಿಸಿ.