ಮಾರನಾಯಕನ ವಧೆ: ದಂಡವೆ, ರಕ್ಷಣೆಯೆ?

ಮೈಸೂರು ಅರಸುಮನೆತನದ ಮೂಲವನ್ನು ಹೇಳುವ ಐತಿಹ್ಯದ ನಡುವೆ ಒಂದು ಕೊಲೆಯಿದೆ. ಅದು ನಡೆದ ಸ್ಥಳವೆಂದು ಹೆಸರಾದದ್ದು ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವಣ ಹದಿನಾರು. ದ್ವಾರಕೆಯಿಂದ ಬಂದರೆನ್ನಲಾದ ಯದುರಾಯ, ಕೃಷ್ಣರಾಯರೆಂಬ ಸೋದರರು ಕಾರುಗಹಳ್ಳಿಯ ಮಾರನಾಯಕನನ್ನು ಕೊಂದು, ಹದಿನಾರಿನ ಮನೆತನದ ಹೆಣ್ಣನ್ನು ಅವನ ಕೈಯಿಂದ ಉಳಿಸಿದರೆಂದೂ, ಅವಳನ್ನು ವರಿಸಿದ ಯದುರಾಯನಿಂದ 1399ರಲ್ಲಿ ಒಡೆಯರ ವಂಶ ಆರಂಭವಾಯಿತೆಂದೂ ಪರಂಪರೆ ಹೇಳುತ್ತದೆ. ಈ ಪ್ರಸಂಗದ ಐತಿಹಾಸಿಕತೆಯನ್ನು ನಿರ್ಣಯಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಘೋರ ಅಪರಾಧಗಳಿಗೆ ಮರಣದಂಡನೆ ಸಮರ್ಥನೀಯವೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ಇಂತಹ ದುಷ್ಟಸಂಹಾರದ ಕಥೆಗಳು ಹೇಳದೆಯೇ ವಾದದ ಬೆನ್ನಿಗೆ ಬಂದು ನಿಲ್ಲುತ್ತವೆ. ಅವು ನಿಜವಾಗಿ ಆ ವಾದಕ್ಕೆ ಸಾಕ್ಷಿಯಾಗಬಲ್ಲವೆ ಎಂಬುದಷ್ಟೇ ಇಲ್ಲಿಯ ವಿಚಾರ.

ಐತಿಹ್ಯಕ್ಕೆ ಒಂದೇ ಪಾಠವಿಲ್ಲ. ಒಂದು ನಿರೂಪಣೆಯಲ್ಲಿ ಮಾರನಾಯಕ ನೆರೆಯ ಪಾಳೆಯಗಾರ. ಇನ್ನೊಂದರಲ್ಲಿ, ಅರಸನು ತೀರಿಕೊಂಡ ಮೇಲೆ ಅಧಿಕಾರವನ್ನು ತನ್ನದಾಗಿಸಿಕೊಂಡ ದಳವಾಯಿ. ಘಟನೆ ನಡೆದದ್ದು ಹದಿನಾರಿನಲ್ಲಿ ಎಂದು ಕೆಲವರು, ಮೈಸೂರಿನಲ್ಲಿ ಎಂದು ಕೆಲವರು. ಹೆಣ್ಣಿನ ಹೆಸರಿನಲ್ಲಿಯೂ ಒಮ್ಮತವಿಲ್ಲ. (ಎಳಂದೂರಿನ ಹದಿನಾಡು ಪ್ರಭುಗಳ ವಿಷಯ ಬೇರೆ, ಹೆಸರಿನ ಸಾಮ್ಯದಿಂದ ಎರಡನ್ನೂ ಬೆರೆಸಬಾರದು.) ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಸ್ಥಳೀಯ ಕಡತಗಳನ್ನು ಆಧರಿಸಿ ರಚಿಸಿದ ಇತಿಹಾಸದ ಮೊದಲ ಸಂಪುಟ 1810ರಲ್ಲಿ ಪ್ರಕಟವಾಯಿತು. ಅದರಲ್ಲಿ ಬರುವ ಪಾಠ ನಮ್ಮ ವಿಚಾರಕ್ಕೆ ಹೆಚ್ಚು ಉಪಯುಕ್ತವಾಗಿದೆ.

ವಿಲ್ಕ್ಸ್‌ನ ಪ್ರಕಾರ ಹದಿನಾರಿನ ಒಡೆಯ ಬುದ್ಧಿಭ್ರಮಣೆಯಿಂದ ಊರು ಬಿಟ್ಟು ಹೋಗಿದ್ದಾನೆ. ಕಾರುಗಹಳ್ಳಿಯ ನಾಯಕ ಈ ಅವಕಾಶವನ್ನು ಬಳಸಿಕೊಂಡು, ಮಗಳನ್ನು ಮದುವೆ ಮಾಡಿಕೊಡಿ, ಇಲ್ಲವೆ ಯುದ್ಧಕ್ಕೆ ಸಿದ್ಧರಾಗಿ ಎಂದು ದಿಕ್ಕಿಲ್ಲದ ಕುಟುಂಬವನ್ನು ಬೆದರಿಸುತ್ತಾನೆ. ಕುಟುಂಬ ಒಪ್ಪಿದಂತೆ ನಟಿಸುತ್ತದೆ. ಮದುವೆಯ ಔತಣಕ್ಕೆ ಬಂದ ನಾಯಕನನ್ನು ಅಡಗಿ ಕುಳಿತಿದ್ದ ಸೋದರರು ಎರಗಿ ಕೊಲ್ಲುತ್ತಾರೆ. ಒಡನೆಯೇ ಕಾರುಗಹಳ್ಳಿಯ ಮೇಲೆ ನುಗ್ಗಿ ಅದನ್ನೂ ವಶಪಡಿಸಿಕೊಳ್ಳುತ್ತಾರೆ.

ಇಲ್ಲಿ ನಾಯಕನ ಮೇಲಿರುವ ಆರೋಪಗಳನ್ನು ಬಿಡಿಸಿ ನೋಡಬೇಕು. ಬಲಾತ್ಕಾರದ ಮದುವೆಯ ಬೆದರಿಕೆ ಒಂದು. ನೆಲವನ್ನು ಕಬಳಿಸುವ ಯತ್ನ ಮತ್ತೊಂದು. ಇವೆರಡೂ ಯಾವ ಕಾಲಕ್ಕೂ ಅಪರಾಧಗಳೇ. ಇವುಗಳ ಜೊತೆಯಲ್ಲಿ ಮೂರನೆಯದೊಂದು ಸದ್ದಿಲ್ಲದೆ ಬಂದು ಸೇರಿದೆ: ಆತ ಕೆಳಜಾತಿಯವನು ಎಂಬ ವಿಲ್ಕ್ಸ್‌ನ ಮಾತು. ಕಥೆಯಲ್ಲಿ ಅಪಮಾನದ ತೀವ್ರತೆ ಹೆಚ್ಚುವುದು ಈ ಮೂರನೆಯದರಿಂದ. ಇದೇ ಬೆದರಿಕೆಯನ್ನು ಸಮಾನ ಕುಲದ ಪಾಳೆಯಗಾರನೊಬ್ಬ ಒಡ್ಡಿದ್ದರೆ ನಿರೂಪಣೆ ಅದನ್ನು ರಾಜಕೀಯ ಸಂಬಂಧವೆಂದು ಬಣ್ಣಿಸುತ್ತಿತ್ತೋ ಏನೋ. ಅಪರಾಧಿ ಯಾರು ಎಂಬುದು ಅಪರಾಧದ ಘೋರತೆಯನ್ನು ಅಳೆಯುವ ಮಾನದಂಡವಾಗಿಬಿಟ್ಟಿದೆ.

ಈ ವಧೆಯನ್ನು ದಂಡವೆಂದು ಕರೆಯಬಹುದೆ? ನಮ್ಮ ಶಾಸ್ತ್ರಗ್ರಂಥಗಳೇ ಇಲ್ಲಿ ಒಂದು ಭೇದವನ್ನು ಮಾಡಿವೆ. ಬೆಂಕಿಯಿಡುವವನು, ವಿಷವಿಕ್ಕುವವನು, ಆಯುಧವೆತ್ತಿ ಬರುವವನು, ಧನವನ್ನೋ ನೆಲವನ್ನೋ ಹೆಂಡತಿಯನ್ನೋ ಅಪಹರಿಸುವವನು ಆತತಾಯಿ; ಅವನನ್ನು ಎದುರಿಸಿ ಕೊಂದರೆ ದೋಷವಿಲ್ಲ. ದಂಡದ ಪ್ರಕರಣ ಬೇರೆ. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದದ್ದು ಯಾಜ್ಞವಲ್ಕ್ಯಸ್ಮೃತಿಗೆ. ಆ ಸ್ಮೃತಿ ಧಿಗ್ದಂಡ, ವಾಗ್ದಂಡ, ಧನದಂಡ, ವಧದಂಡಗಳೆಂದು ನಾಲ್ಕು ಬಗೆಗಳನ್ನು ಹೇಳಿ, ಅಪರಾಧ, ದೇಶ, ಕಾಲ, ಶಕ್ತಿ, ವಯಸ್ಸು, ವೃತ್ತಿ, ಸಂಪತ್ತುಗಳನ್ನು ತಿಳಿದ ಮೇಲೆಯೇ ದಂಡ ವಿಧಿಸಬೇಕೆನ್ನುತ್ತದೆ. ತಿಳಿಯುವುದಕ್ಕೆ ಕಾಲ ಬೇಕು. ಆರೋಪಿ ಎದುರಿಗೆ ನಿಂತಿರಬೇಕು. ಧರ್ಮಶಾಸ್ತ್ರಗಳನ್ನು ಆದರ್ಶವೆಂದು ಇಲ್ಲಿ ಎತ್ತಿಹಿಡಿಯುತ್ತಿಲ್ಲ. ವರ್ಣಕ್ಕೆ ತಕ್ಕಂತೆ ದಂಡವನ್ನು ಏರಿಳಿಸಿದವೂ, ಬ್ರಾಹ್ಮಣನಿಗೆ ಮರಣದಂಡನೆಯಿಂದ ವಿನಾಯಿತಿ ನೀಡಿದವೂ ಅವೇ. ಆದರೂ ಎರಗಿ ಬರುವವನನ್ನು ತಡೆಯುವುದೂ ಹಿಡಿತಕ್ಕೆ ಸಿಕ್ಕವನನ್ನು ದಂಡಿಸುವುದೂ ಬೇರೆ ಬೇರೆ ಎಂಬ ವಿವೇಕ ಅವಕ್ಕಿತ್ತು. 1860ರ ಭಾರತೀಯ ದಂಡಸಂಹಿತೆಯೂ ಶಿಕ್ಷೆಗಳನ್ನು ಮೂರನೆಯ ಅಧ್ಯಾಯದಲ್ಲಿ, ಆತ್ಮರಕ್ಷಣೆಯ ಹಕ್ಕನ್ನು ನಾಲ್ಕನೆಯದರಲ್ಲಿ ಇರಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಮರಣದಂಡನೆಯನ್ನು ಉಳಿಸಿಕೊಂಡಿದೆ. ಈ ವಿಂಗಡಣೆಯನ್ನೂ ಉಳಿಸಿಕೊಂಡಿದೆ.

ಹದಿನಾರಿನ ಕೊಲೆಗೆ ಏನಾದರೂ ಸಮರ್ಥನೆ ಇರುವುದಾದರೆ ಅದು ರಕ್ಷಣೆಯ ಸಮರ್ಥನೆ. ಹೆಣ್ಣನ್ನು ಉಳಿಸಲು ಬೇರೆ ದಾರಿ ಇರಲಿಲ್ಲ ಎಂಬ ವಾದವನ್ನು ಒಪ್ಪಬಹುದು. ಆದರೆ ಅದೂ ಪೂರ್ತಿ ನಿಲ್ಲುವುದಿಲ್ಲ. ಕರೆದು ಕೂರಿಸಿದ ಅತಿಥಿಯನ್ನು ಕೊಂದ ಮೇಲೆ ಅವನ ಊರನ್ನೂ ವಶಪಡಿಸಿಕೊಂಡದ್ದು ಯಾವ ರಕ್ಷಣೆಗಾಗಿ? ಕೊಂದವರೇ ಸತ್ತವನ ನೆಲಕ್ಕೆ ಒಡೆಯರಾದರು. ಈ ಘಟನೆಯನ್ನು ದುಷ್ಟಶಿಕ್ಷೆ ಎಂದು ಕರೆದಾಗ, ವಿಚಾರಣೆ ಮಾಡಬೇಕಾದ ಕೆಲಸವನ್ನು 'ದುಷ್ಟ' ಎಂಬ ವಿಶೇಷಣವೊಂದೇ ಮಾಡಿ ಮುಗಿಸುತ್ತದೆ.

ಇದಕ್ಕೆ ಎದುರಾಗಿ ಜನ್ನನ ಯಶೋಧರಚರಿತೆಯನ್ನು (1209) ಇಟ್ಟು ನೋಡಬಹುದು. ಅಲ್ಲಿ ಮಾರಿದತ್ತ ಕತ್ತಿ ಹಿರಿದು ನಿಂತಿದ್ದಾನೆ. ಅವನೆದುರು ಬಲಿಗೆಂದು ಹಿಡಿದು ತಂದ ಅಭಯರುಚಿ, ಅಭಯಮತಿಯರಿದ್ದಾರೆ. ಅವರು ಅಪರಾಧಿಗಳಲ್ಲ, ಸಂದರ್ಭವೂ ದಂಡದ್ದಲ್ಲ. ಆದರೆ ರಾಜಶಕ್ತಿಯ ಕೈಯಲ್ಲಿ ನಿಸ್ಸಹಾಯನಾದ ಮನುಷ್ಯನಿರುವ ಸ್ಥಿತಿ ಅದೇ. ಮಾರಿದತ್ತ ಕೇಳುತ್ತಾನೆ, ಹುಡುಗ ಹೇಳುತ್ತಾನೆ, ಕಾವ್ಯವೆಲ್ಲ ಆ ಹೇಳಿಕೆಯೇ ಆಗುತ್ತದೆ, ಕತ್ತಿ ಕೆಳಗಿಳಿಯುತ್ತದೆ. ಜೈನಧರ್ಮದ ಅಹಿಂಸಾ ತತ್ತ್ವವೆಂದು ಇದನ್ನು ಬದಿಗಿಡುವ ವಿಮರ್ಶೆ ಕೃತಿಯ ರಚನೆಯನ್ನು ಗಮನಿಸಿಲ್ಲ. ಕೊಲ್ಲಬಲ್ಲವನು ಕೇಳಲು ಒಪ್ಪಿದ್ದೇ ಇಲ್ಲಿ ನಿರ್ಣಾಯಕ.

ಹದಿನಾರು ಸೇರಿದ್ದ ಅವಿಭಜಿತ ಮೈಸೂರು ಜಿಲ್ಲೆಯಲ್ಲಿಯೇ ಈ ಪ್ರಶ್ನೆ ನಮ್ಮ ಕಾಲದಲ್ಲಿ ಮತ್ತೆ ಎದ್ದಿತು. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಪಾಲಾರ್ ಬಳಿ ವೀರಪ್ಪನ್ ತಂಡ ಹುಗಿದಿಟ್ಟ ನೆಲಬಾಂಬು ಸ್ಫೋಟಿಸಿ 22 ಮಂದಿ ಸತ್ತರು. ಅಪರಾಧದ ಘೋರತೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ಮೈಸೂರಿನ ಟಾಡಾ ವಿಶೇಷ ನ್ಯಾಯಾಲಯ 2001ರಲ್ಲಿ ನಾಲ್ವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2004ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಮರಣದಂಡನೆಗೆ ಏರಿಸಿತು. ಕ್ಷಮಾದಾನದ ಅರ್ಜಿ 2013ರಲ್ಲಿ ತಿರಸ್ಕೃತವಾಯಿತು. 2014ರ ಜನವರಿ 21ರಂದು ಅದೇ ಸರ್ವೋಚ್ಚ ನ್ಯಾಯಾಲಯ, ಕ್ಷಮಾದಾನದ ನಿರ್ಣಯದಲ್ಲಾದ ವಿಳಂಬ ಮೊದಲಾದ ಕಾರಣಗಳಿಂದ, ಇವರೂ ಸೇರಿದಂತೆ 15 ಮಂದಿಯ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ಕೃತ್ಯ ಒಂದೇ, ಸಾಕ್ಷ್ಯ ಒಂದೇ. ಹದಿಮೂರು ವರ್ಷಗಳಲ್ಲಿ ಶಿಕ್ಷೆ ಮಾತ್ರ ಎರಡು ಬಾರಿ ಬದಲಾಯಿತು. 2013ರಲ್ಲಿಯೇ ನೇಣು ಹಾಕಿದ್ದರೆ 2014ರ ತೀರ್ಪು ಯಾರನ್ನು ತಲುಪುತ್ತಿತ್ತು?

ಮರಣದಂಡನೆಯ ಪರವಾದಿಗಳ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಪಾಲಾರಿನಲ್ಲಿ ಮಡಿದವರ ಮನೆಯವರ ಮುಂದೆ ನಿಂತು ಸೆರೆವಾಸ ಸಾಕು ಎನ್ನುವುದು ಸುಲಭವಲ್ಲ. ಆ ಮನೆಗಳ ದುಃಖಕ್ಕೆ ರಾಜ್ಯ ಋಣಿ. ಆದರೆ ಆ ಋಣವನ್ನು ಕೊಂದೇ ತೀರಿಸಬೇಕೆಂಬ ವಾದಕ್ಕೆ ಬಲ ಬರುವುದು ರಕ್ಷಣೆಯ ಭಾಷೆಯಿಂದ, ಸಮಾಜದ ಮೇಲೆ ಎರಗಿ ಬಂದವನು ಎಂಬ ಚಿತ್ರದಿಂದ. ನೇಣಿನ ಕಂಬದ ಬಳಿಗೆ ನಡೆಸಿ ತಂದವನು ಎರಗಿ ಬರುತ್ತಿರುವವನಲ್ಲ. ವರ್ಷಗಟ್ಟಲೆ ಬೀಗದ ಒಳಗಿದ್ದವನು. ಆತತಾಯಿಯ ವಧೆಗೆ ಸಲ್ಲುವ ಸಮರ್ಥನೆಯನ್ನು ಅವನ ಕುತ್ತಿಗೆಗೆ ತೊಡಿಸಲು ಬಾರದು. 1980ರ ಬಚನ್ ಸಿಂಗ್ ಪ್ರಕರಣದ ತೀರ್ಪು ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಈ ಶಿಕ್ಷೆಯೆಂದು ಹೇಳಿ, ಅಪರಾಧವನ್ನಲ್ಲದೆ ಅಪರಾಧಿಯನ್ನೂ ನೋಡಬೇಕೆಂದಿತು. ನೋಡಿದಾಗ ಕಾಣುವವರು ಯಾರು? ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ 373 ಮರಣದಂಡಿತರನ್ನು ಮಾತನಾಡಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅವರಲ್ಲಿ ಮುಕ್ಕಾಲು ಪಾಲಿನಷ್ಟು ಮಂದಿ ಆರ್ಥಿಕವಾಗಿ ದುರ್ಬಲರು. ವಿಲ್ಕ್ಸ್‌ನ ಪಾಠದಲ್ಲಿ ನುಸುಳಿದ ಆ ಮೂರನೆಯ ಆರೋಪ ಇಲ್ಲಿ ಮತ್ತೆ ನೆನಪಾಗುತ್ತದೆ.

ಇನ್ನೊಂದು ವಿಷಯವನ್ನು ಸಂಶೋಧಕರ ಗಮನಕ್ಕೆ ತರಬೇಕಾಗಿದೆ. ಇದೇ ಸೀಮೆಯ ತಲಕಾಡು, ಮಾಲಂಗಿಗಳಿಗೆ ಸೇರಿದ ಅಲಮೇಲಮ್ಮನ ಐತಿಹ್ಯವೂ ಒಡೆಯರ ಮನೆತನದ್ದೇ. ರಾಜ ಒಡೆಯರ ಕಡೆಯವರು ಒಡವೆಗಾಗಿ ಬೆನ್ನಟ್ಟಿದಾಗ ಆಕೆ ಶಪಿಸಿ ಕಾವೇರಿಗೆ ಹಾರಿದಳೆಂದು ಕಥೆ. ಅರಮನೆ ಆ ಶಾಪವನ್ನು ನೆನಪಿಟ್ಟುಕೊಂಡಿತು. ಆಕೆಯ ಮೂರ್ತಿಗೆ ಪೂಜೆಯನ್ನೂ ಸಲ್ಲಿಸಿತು. ಮಾರನಾಯಕನ ಬಾಯಲ್ಲಿ ವಿಲ್ಕ್ಸ್‌ನ ಪಾಠ ಉಳಿಸಿರುವುದು ಒಂದು ಬೆದರಿಕೆಯನ್ನು ಮಾತ್ರ. ಹದಿನಾರು, ಕಾರುಗಹಳ್ಳಿಗಳ ಸುತ್ತಿನ ನಾಯಕ ಸಮುದಾಯದ ಹಿರಿಯರಲ್ಲಿ ಅವನನ್ನು ಕುರಿತ ಬೇರೆ ಹೇಳಿಕೆಗಳಿವೆಯೆ ಎಂಬುದನ್ನು ಕ್ಷೇತ್ರಕಾರ್ಯದಿಂದ ಪರಿಶೀಲಿಸಿ, ದೊರೆತ ಪಾಠಗಳನ್ನು ವಂಶಾವಳಿಗಳ ಪಾಠಗಳೊಂದಿಗೆ ಹೋಲಿಸಿ ಪ್ರಕಟಿಸುವ ಕೆಲಸ ಆಗಬೇಕಾಗಿದೆ.