ಕ್ಯಾಮರಾದ ವಲ್ದಿಯತ್

ವಸ್ತುವಿನ ಮೇಲೆ ಬರೆದಿರುವ ಹೆಸರು ಅದನ್ನು ಮಾಡಿದವರದೇ ಎಂದು ನಾವು ನಂಬಿಬಿಡುತ್ತೇವೆ. ಬಹಳಷ್ಟು ಸಲ ಅದು ಮಾರಿದವರ ಹೆಸರಾಗಿರುತ್ತದೆ. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯಲು ಹಳೆಯ ಜಪಾನಿ ಫಿಲ್ಮ್ ಕ್ಯಾಮರಾಗಳಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಕಡಬ, ಪುತ್ತೂರು, ಸುಳ್ಯದ ಕಡೆಯ ಮುಸ್ಲಿಮರ ಮನೆಗಳಲ್ಲಿ ಇಂಥ ಕ್ಯಾಮರಾ ಇದ್ದರೆ ಅದು ಬಹುಮಟ್ಟಿಗೆ ಗಲ್ಫಿನಿಂದ ಬಂದದ್ದು. 1970ರ ದಶಕದಲ್ಲಿ ತೈಲದ ಬೆಲೆ ಏರಿದ ಮೇಲೆ ಕರಾವಳಿಯ ಹುಡುಗರು ಅಲ್ಲಿಗೆ ದುಡಿಯಲು ಹೋದರು. ಬರುವಾಗ ಸುಗಂಧದ ಬಾಟಲಿ, ಟೇಪ್ ರೆಕಾರ್ಡರ್‌ಗಳ ಜೊತೆಗೆ ಕ್ಯಾಮರಾವನ್ನೂ ತಂದರು. 1991ರ ಉದಾರೀಕರಣಕ್ಕೆ ಮೊದಲು ವಿದೇಶಿ ಕ್ಯಾಮರಾ ಕೊಳ್ಳುವುದು ಲೈಸೆನ್ಸು, ಸುಂಕಗಳ ತಾಪತ್ರಯದ ಕೆಲಸವಾಗಿತ್ತು. ಸಾಮಾನ್ಯರಿಗೆ ಎಟುಕುತ್ತಿದ್ದುದು ಆಗ್ಫಾ ಕ್ಲಿಕ್-3ರಂಥದ್ದು. ಅದರ ಹೆಸರು ಜರ್ಮನಿಯದು, ತಯಾರಿಸುತ್ತಿದ್ದುದು ಬರೋಡಾದ ನ್ಯೂ ಇಂಡಿಯಾ ಇಂಡಸ್ಟ್ರೀಸ್. ಗಲ್ಫಿನಿಂದ ಬಂದ ಕ್ಯಾಮರಾದ ಮೇಲೆ ಯಾಶಿಕಾ ಎಂದಿದ್ದರೆ ಮನೆಯವರಿಗೆ ಹೆಮ್ಮೆ. ವಿವಿಟಾರ್, ಹ್ಯಾನಿಮೆಕ್ಸ್ ಎಂದಿದ್ದರೆ, ‘ಅದು ಅಷ್ಟೇನೂ ಒಳ್ಳೆಯ ಕಂಪನಿಯಲ್ಲ’ ಎಂಬ ಮಾತು. ಆ ಮಾತನ್ನು ಕೇಳುತ್ತಲೇ ನಾವು ಬೆಳೆದೆವು.

ಹಾಗೆ ನೋಡಿದರೆ ವಿವಿಟಾರ್ ಕ್ಯಾಮರಾ ಮಾಡುವ ಕಂಪನಿಯೇ ಆಗಿರಲಿಲ್ಲ. ಮ್ಯಾಕ್ಸ್ ಪಾಂಡರ್ ಮತ್ತು ಜಾನ್ ಬೆಸ್ಟ್ ಎಂಬ ಇಬ್ಬರು ಜರ್ಮನ್ ವಲಸಿಗರು 1938ರಲ್ಲಿ ಅಮೆರಿಕದಲ್ಲಿ ಕಟ್ಟಿದ ಆಮದು ವ್ಯಾಪಾರ ಅದು. ಮೊದಲು ಜರ್ಮನ್ ಸರಕು ತರಿಸಿದರು, ಯುದ್ಧದ ನಂತರ ಜಪಾನಿನದು. ಮುಂದೆ ಆ ಸರಕಿಗೆ ತಮ್ಮದೇ ಹೆಸರಿಟ್ಟರು. ಹ್ಯಾನಿಮೆಕ್ಸ್ ಎಂಬುದು ಆಸ್ಟ್ರೇಲಿಯಾದ ಜ್ಯಾಕ್ ಹ್ಯಾನೆಸ್ ಎಂಬುವರ ‘ಹ್ಯಾನೆಸ್ ಇಂಪೋರ್ಟ್ ಎಕ್ಸ್‌ಪೋರ್ಟ್’ನ ಸಂಕ್ಷಿಪ್ತ ರೂಪ. ವ್ಯಾಪಾರ ಏನೆಂಬುದನ್ನು ಹೆಸರೇ ಹೇಳುತ್ತದೆ. ಜರ್ಮನಿಯ ಫೋಟೊ ಕ್ವೆಲ್ಲೆ ಅಂಗಡಿ ‘ರೆವ್ಯೂ’ ಎಂಬ ಹೆಸರಿನಲ್ಲಿ ಚಿನಾನ್, ಕೊಸಿನಾಗಳ ಕ್ಯಾಮರಾ ಮಾರಿತು. ಅಮೆರಿಕದ ಸಿಯರ್ಸ್ ತನ್ನ ಹೆಸರಿನಲ್ಲಿ ಮಾರಿದ ಕ್ಯಾಮರಾಗಳಲ್ಲಿ ಹಲವು ರಿಕೋ ಕಾರ್ಖಾನೆಯವು.

ಇದಕ್ಕೆ ಕಾರಣವಿತ್ತು. ಯುದ್ಧದಲ್ಲಿ ಸೋತ ಜಪಾನಿನ ಮಾಲು ಎಂದರೆ ಅಗ್ಗದ ನಕಲು ಎಂಬ ಭಾವನೆ ಪಶ್ಚಿಮದಲ್ಲಿ ಬೇರೂರಿತ್ತು. ಕಿನೊ, ಕೊಮಿನೆ, ಕೊಸಿನಾ ಎಂಬ ಹೆಸರುಗಳು ಅಲ್ಲಿಯ ಗ್ರಾಹಕರ ನಾಲಿಗೆಗೆ ಹೊಸವು. ಹಾಗಾಗಿ ಪರಿಚಿತ ಅಂಗಡಿಯ ಹೆಸರು ದೊಡ್ಡ ಅಕ್ಷರದಲ್ಲಿ ಮುಂದೆ ಬಂತು. ತಯಾರಕರ ಹೆಸರು ಎಲ್ಲಿಯೂ ಇರಲಿಲ್ಲ. ‘ಜಪಾನ್’ ಎಂಬ ಪದ ಮಾತ್ರ ಒಂದು ಮೂಲೆಯಲ್ಲಿ ಸಣ್ಣದಾಗಿ ಕೂತಿತು. ಜೊತೆಗೆ ರಫ್ತಿನ ಕ್ಯಾಮರಾ, ಮಸೂರಗಳನ್ನು ಪರೀಕ್ಷಿಸುತ್ತಿದ್ದ ಜಪಾನಿ ಸಂಸ್ಥೆ ಅಂಟಿಸುತ್ತಿದ್ದ, ‘ಪಾಸ್ಡ್’ ಎಂದು ಮುದ್ರಿಸಿದ ಬಂಗಾರದ ಬಣ್ಣದ ಅಂಡಾಕಾರದ ಚೀಟಿ. ಅದನ್ನು ನಮ್ಮವರು ಎಷ್ಟೋ ಮಂದಿ ಅಲಂಕಾರವೆಂದೇ ತಿಳಿದಿದ್ದರು. ಮಾಡಿದವರ ಗುರುತು ಬೇಕಿದ್ದರೆ ಕ್ರಮಸಂಖ್ಯೆಯಲ್ಲಿ ಹುಡುಕಬೇಕು. ವಿವಿಟಾರ್ ಮಸೂರಗಳ ಸಂಖ್ಯೆ 22ರಿಂದ ಶುರುವಾದರೆ ಅದು ಕಿನೊ ಕಾರ್ಖಾನೆಯದು, 28 ಆದರೆ ಕೊಮಿನೆ, 37 ಆದರೆ ಟೊಕಿನಾ. ಮುಂದಿನ ಒಂದು ಅಂಕಿ ವರ್ಷ, ಅದರಾಚೆಯ ಎರಡು ಅಂಕಿ ವಾರ. 1970ರ ದಶಕದ ಮಸೂರದ ಮೇಲೆ 22512 ಎಂಬ ಆರಂಭವಿದ್ದರೆ ಅದು 1975ರ 12ನೆಯ ವಾರ ಕಿನೊದಲ್ಲಿ ತಯಾರಾದದ್ದು.

ಆಮದುದಾರರನ್ನು ಖಳನಾಯಕರನ್ನಾಗಿ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ವಿವಿಟಾರ್ ಸೀರೀಸ್-1ರ ಪ್ರಸಿದ್ಧ 70-210 ಮಿ.ಮೀ. ಜೂಮ್ ಮಸೂರದ ವಿನ್ಯಾಸವನ್ನು ಅಮೆರಿಕದಲ್ಲಿ ಮಾಡಿಸಿ, ಕಿನೊ ಕಾರ್ಖಾನೆಯಲ್ಲಿ ತಯಾರಿಸಿದ್ದರು. ಅಲ್ಲಿ ವ್ಯಾಪಾರಿಯ ಬುದ್ಧಿಯೂ ಬಂಡವಾಳವೂ ಇತ್ತು, ಮಾಲು ಕೆಟ್ಟರೆ ಹೊಣೆಯೂ ಅವನದೇ. ಇನ್ನೊಂದು ಮಾದರಿಯೂ ಇತ್ತು. ಅಸಾಹಿ ಕಂಪನಿಯ ಕ್ಯಾಮರಾವನ್ನು ಅಮೆರಿಕಕ್ಕೆ ತರಿಸಿದ ಹನಿವೆಲ್ ಅದನ್ನು ‘ಹನಿವೆಲ್ ಪೆಂಟಾಕ್ಸ್’ ಎಂದೇ ಮಾರಿತು. ಅಲ್ಲಿ ಪೆಂಟಾಕ್ಸ್ ಎಂಬ ಮೂಲದ ಹೆಸರೂ ಉಳಿಯಿತು, ತಂದವನ ಹೆಸರೂ ಉಳಿಯಿತು. ಎರಡು ಹೆಸರುಗಳಿಗೆ ಅಲ್ಲಿ ಜಾಗವಿತ್ತು ಎಂದರೆ ಬೇರೆಡೆಯೂ ಇರಬಹುದಿತ್ತು.

ಇನ್ನು ದೊಡ್ಡ ಹೆಸರುಗಳ ಸಂಗತಿ. 1979ರ ಯಾಶಿಕಾ ಎಫ್‌ಎಕ್ಸ್-3 ತಯಾರಾದದ್ದು ಕೊಸಿನಾದಲ್ಲಿ. 1990ರ ಕ್ಯಾನನ್ ಟಿ60, 1995ರ ನಿಕಾನ್ ಎಫ್‌ಎಂ10, 1997ರ ಒಲಿಂಪಸ್ ಓಎಂ-2000 ಇವೂ ಕೊಸಿನಾದವೇ. 2006ರಲ್ಲಿ ನಿಕಾನ್ ತನ್ನ ಹೆಚ್ಚಿನ ಫಿಲ್ಮ್ ಕ್ಯಾಮರಾಗಳನ್ನು ನಿಲ್ಲಿಸಿ ಎರಡನ್ನಷ್ಟೇ ಉಳಿಸಿಕೊಂಡಾಗ, ಆ ಎರಡರಲ್ಲಿ ಒಂದು ತಾನು ತಯಾರಿಸದ ಈ ಎಫ್‌ಎಂ10. ವಿವಿಟಾರ್ 220/ಎಸ್‌ಎಲ್ ತಯಾರಿಸಿದ್ದೂ ಕೊಸಿನಾ. ಅಂದರೆ ‘ಒಳ್ಳೆಯ ಕಂಪನಿ’ ಮತ್ತು ‘ಅಷ್ಟೇನೂ ಒಳ್ಳೆಯದಲ್ಲದ ಕಂಪನಿ’ ಎಂದು ನಮ್ಮವರು ಬೇರೆ ಮಾಡಿ ತೂಗಿದ್ದು ಕೆಲವೊಮ್ಮೆ ಒಂದೇ ಕಾರ್ಖಾನೆಯ ಕೈಕೆಲಸವನ್ನು. ತಮಾಷೆಯೆಂದರೆ, 1999ರಲ್ಲಿ ಕೊಸಿನಾ ತನ್ನ ಹೊಸ ಬೆಸ್ಸಾ ಕ್ಯಾಮರಾವನ್ನು ಮಾರುಕಟ್ಟೆಗೆ ತಂದಾಗ ಅದರ ಮೇಲೆ ಕೆತ್ತಿಸಿದ್ದು ತನ್ನ ಹೆಸರನ್ನಲ್ಲ. 1756ರಲ್ಲಿ ವಿಯೆನ್ನಾದಲ್ಲಿ ಶುರುವಾದ ‘ಫೋಯ್ಟ್‌ಲೆಂಡರ್’ ಎಂಬ ಹೆಸರನ್ನು. ಇಷ್ಟು ವರ್ಷ ಬೇರೆಯವರ ಹೆಸರಿನಲ್ಲಿ ದುಡಿದವನಿಗೆ ತನ್ನ ಹೆಸರಿನ ಮೇಲೆಯೇ ನಂಬಿಕೆ ಉಳಿದಿರಲಿಲ್ಲವೇನೋ.

ಕಾರ್ಖಾನೆ ಸತ್ತ ಮೇಲೂ ಹೆಸರು ತಿರುಗಾಡುತ್ತದೆ. 1983ರಲ್ಲಿ ಯಾಶಿಕಾವನ್ನು ಕೊಂಡ ಕ್ಯೋಸೆರಾ ಕಂಪನಿ 2005ರಲ್ಲಿ ಕ್ಯಾಮರಾ ತಯಾರಿಕೆಯನ್ನೇ ನಿಲ್ಲಿಸಿತು. 2008ರಲ್ಲಿ ಆ ಹೆಸರು ಹಾಂಗ್‌ಕಾಂಗಿನವರ ಪಾಲಾಯಿತು. 2017ರಲ್ಲಿ ಜನರಿಂದ ಮುಂಗಡ ಹಣ ಎತ್ತಿ ‘ವೈ35’ ಎಂಬ ಡಿಜಿಟಲ್ ಕ್ಯಾಮರಾ ತಂದರು. ಹಳೆಯ ಯಾಶಿಕಾವನ್ನು ನೆನೆದು ಹಣ ಕೊಟ್ಟ ಅನೇಕರಿಗೆ ಸಿಕ್ಕಿದ್ದು ನಿರಾಸೆ. ವಿವಿಟಾರ್ ಹೆಸರೂ 2008ರಲ್ಲಿ ಸಕಾರ್ ಎಂಬ ಕಂಪನಿಯ ಕೈಸೇರಿತು.

ಉರ್ದು ಶಾಲೆಯ ಅರ್ಜಿಗಳಲ್ಲಿ ‘ವಲ್ದಿಯತ್’ ಎಂದು ಒಂದು ಅಂಕಣವಿರುತ್ತದೆ. ಅಲ್ಲಿ ಬರೆಯಬೇಕಾದದ್ದು ತಂದೆಯ ಹೆಸರು. ಪ್ರವಾದಿ ಮುಹಮ್ಮದ್ (ಸ) ಅವರು ಬಿಡುಗಡೆ ಮಾಡಿ ಮಗನಂತೆ ಸಾಕಿಕೊಂಡ ಝೈದ್‌ರನ್ನು ಜನ ‘ಝೈದ್ ಬಿನ್ ಮುಹಮ್ಮದ್’ ಎಂದೇ ಕರೆಯುತ್ತಿದ್ದರು. ಸಾಕುಮಕ್ಕಳನ್ನು ಅವರ ತಂದೆಯ ಹೆಸರಿನಿಂದಲೇ ಕರೆಯಬೇಕೆಂಬ ಆದೇಶ ಅಲ್-ಅಹ್‌ಝಾಬ್ ಅಧ್ಯಾಯದಲ್ಲಿ ಬಂದಾಗ ಅವರು ಮತ್ತೆ ಝೈದ್ ಬಿನ್ ಹಾರಿಸ ಆದರು. ಸಾಕಿದವರ ಪ್ರೀತಿ ಇದರಿಂದ ಕಡಿಮೆಯಾಗಲಿಲ್ಲ. ಆ ಬಳಿಕವೂ ಅವರು ಸೇನಾನಾಯಕರಾಗಿ ಕಳುಹಿಸಲ್ಪಟ್ಟರು. ಅರಬರಿಗೆ ವಂಶಾವಳಿ ಎಷ್ಟು ಮುಖ್ಯವಾಗಿತ್ತೆಂದು ಬಲ್ಲವರಿಗೆ ಈ ತಿದ್ದುಪಡಿಯ ತೂಕ ಗೊತ್ತಾಗುತ್ತದೆ. ಅತಿ ದೊಡ್ಡ ಹೆಸರೂ ಇನ್ನೊಬ್ಬ ತಂದೆಯ ಹೆಸರನ್ನು ಮುಚ್ಚಬಾರದು ಎಂಬುದೇ ಅದರ ಪಾಠ. ಆ ಪಾಠ ಮನುಷ್ಯರ ಕುರಿತಾದದ್ದು, ನಿಜ. ಆದರೆ ಮನುಷ್ಯರ ದುಡಿಮೆಗೂ ಅದು ಅನ್ವಯಿಸಬಾರದೇಕೆ?

ಈ ಪ್ರಶ್ನೆ ನಮಗೆ ದೂರದ ಜಪಾನಿನದಲ್ಲ. ಕಡಬದ ಸುತ್ತಿನ ಮನೆಗಳ ಜಗಲಿಯಲ್ಲಿ ಕೂತು ಹೆಂಗಸರು ಬೀಡಿ ಕಟ್ಟುತ್ತಾ ಬಂದಿದ್ದಾರೆ. ಎಲೆ ಕತ್ತರಿಸಿ, ತಂಬಾಕು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿಯುವುದು ಅವರ ಬೆರಳು. ಲೇಬಲ್ ಕಂಪನಿಯದು. ಲೇಬಲ್ಲಿನಲ್ಲಿ ಹೆಸರಿಲ್ಲದಿದ್ದರೆ ಹೋಗಲಿ, ಲೆಕ್ಕದ ಪುಸ್ತಕದಲ್ಲಾದರೂ ಇರಬೇಕಲ್ಲ. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಕಾರ್ಮಿಕರೆಂದು ಗುರುತಿಸಿತು. ಆದರೂ ತಾಯಿ, ಸೊಸೆ, ಮಗಳು ಸೇರಿ ಕಟ್ಟಿದ ಬೀಡಿ ಎಷ್ಟೋ ಮನೆಗಳಲ್ಲಿ ಒಬ್ಬಳ ಪಾಸ್‌ಬುಕ್ಕಿನಲ್ಲಿ ಬರೆಯಲ್ಪಟ್ಟಿತು. ಭವಿಷ್ಯನಿಧಿ, ಪಿಂಚಣಿ ಸಲ್ಲುವುದು ಆ ಹೆಸರಿಗೆ ಮಾತ್ರ. ಉಳಿದವರ ದುಡಿಮೆಗೆ ದಾಖಲೆಯಲ್ಲಿ ವಲ್ದಿಯತ್ ಇಲ್ಲ. ಕೊಸಿನಾ ಕಾರ್ಖಾನೆಗೆ ಕನಿಷ್ಠ ಹಣವಾದರೂ ಅದರ ಹೆಸರಿಗೇ ಬರುತ್ತಿತ್ತು.

ಈಗ ಫಿಲ್ಮ್ ಕ್ಯಾಮರಾಗಳಿಗೆ ಮತ್ತೆ ಕಾಲ ಬಂದಿದೆ. ಹಳೆಯ ಕಪಾಟುಗಳಿಂದ ಅವು ಹೊರಬರುತ್ತಿವೆ. ಮಾರುವವರು, ‘ಹೆಸರು ವಿವಿಟಾರ್, ನಿಜವಾಗಿ ಮಾಡಿದ್ದು ಕಿನೊ’ ಎಂದು ಹೇಳಿ ಬೆಲೆ ಏರಿಸುತ್ತಾರೆ. ಮುಚ್ಚಿಟ್ಟ ಹೆಸರು ಹೊರಬಂದದ್ದು ಸಂತೋಷವೇ. ಆದರೆ ಅದು ಬರೀ ದರ ಏರಿಸುವ ಗುಟ್ಟಾದರೆ, ಮೊದಲು ಮುಚ್ಚಿಟ್ಟು ಗಳಿಸಿದ ಲಾಭವನ್ನು ಈಗ ತೆರೆದಿಟ್ಟು ಗಳಿಸಿದಂತಾಯಿತು. ಮನೆಯಲ್ಲಿ ಅಂಥ ಕ್ಯಾಮರಾ ಇದ್ದವರು ಮಾರುವ ಮುಂಚೆ ಒಮ್ಮೆ ಮಸೂರದ ಅಂಚಿನ ಸಂಖ್ಯೆಯನ್ನು ಓದಲಿ. ಹಾಗೆಯೇ ಮನೆಯ ಬೀಡಿ ಪಾಸ್‌ಬುಕ್ಕನ್ನೂ ಒಮ್ಮೆ ತೆರೆದು, ಅದರಲ್ಲಿ ಯಾರ ಹೆಸರಿದೆ, ಯಾರದಿಲ್ಲ ಎಂದು ನೋಡಲಿ.